ಥೈರಾಯ್ಡ್ ಆಪರೇಷನ್ ನಂತರದ ಜೋಮು ಕಡೆಗಣಿಸಬೇಡಿ

ಕಳೆದ ತಿಂಗಳು ನನ್ನ ಅಕ್ಕನ ಥೈರಾಯ್ಡ್ ಗ್ರಂಥಿಯನ್ನು ಪೂರ್ತಿ ತೆಗೆದರು. ಎರಡನೇ ದಿನವೇ ಮನೆಗೆ ಕಳಿಸಿದರು. ಮೂರನೇ ದಿನ ಬೆಳಿಗ್ಗೆ ಹೂ ಕಟ್ಟಲು ಕೂತವಳಿಗೆ ತುಟಿಯ ಸುತ್ತ ಜುಮುಜುಮು, ಬೆರಳ ತುದಿ ಮರಗಟ್ಟಿ ದಾರವೇ ಹಿಡಿಯಲಾಗುತ್ತಿಲ್ಲ. ನಿಶ್ಶಕ್ತಿ ಇರಬೇಕೆಂದು ಗಂಜಿ ಕುಡಿಸಿ ಮಲಗಿಸಿದೆವು. ನಾವು ಮಾಡಿದ ತಪ್ಪು ಅದು. ಸಂಜೆ ಹತ್ತಿರದ ವೈದ್ಯರು ಬಿಪಿ ನೋಡಲು ತೋಳಿಗೆ ಪಟ್ಟಿ ಬಿಗಿದು ಸ್ವಲ್ಪ ಹೊತ್ತಾಗುವಷ್ಟರಲ್ಲಿ ಅವಳ ಕೈ ಮಣಿಕಟ್ಟಿನಲ್ಲಿ ಬಾಗಿ ಸೆಟೆದುಕೊಂಡಿತು. ಕ್ಯಾಲ್ಸಿಯಂ ಇಳಿದಿದೆ ಎಂದು ಅವರು ತಕ್ಷಣ ಆಸ್ಪತ್ರೆಗೆ ಕಳಿಸಿದರು. ರಕ್ತನಾಳದ ಮೂಲಕ ಕ್ಯಾಲ್ಸಿಯಂ ಗ್ಲುಕೋನೇಟ್ ಕೊಟ್ಟ ಮೇಲೆ ಕೈ ಸಡಿಲವಾಯಿತು.

ಥೈರಾಯ್ಡ್ ಹಿಂಭಾಗಕ್ಕೆ ಅಂಟಿದಂತೆ ಸಾಮಾನ್ಯವಾಗಿ 4 ಪ್ಯಾರಾಥೈರಾಯ್ಡ್ ಗ್ರಂಥಿಗಳಿರುತ್ತವೆ, ಒಂದೊಂದೂ ಅಕ್ಕಿಕಾಳಿನಷ್ಟು. ರಕ್ತದ ಕ್ಯಾಲ್ಸಿಯಂ ಕಾಯುವುದು ಇವೇ. ಎಷ್ಟೇ ಎಚ್ಚರದಿಂದ ಆಪರೇಷನ್ ಮಾಡಿದರೂ ಇವುಗಳ ರಕ್ತಪೂರೈಕೆಗೆ ಪೆಟ್ಟಾಗಬಹುದು. ಹಾಗಾದಾಗ ಒಂದರಿಂದ ಮೂರು ದಿನಗಳೊಳಗೆ, ಅಂದರೆ ರೋಗಿ ಮನೆಯಲ್ಲಿರುವಾಗಲೇ, ಕ್ಯಾಲ್ಸಿಯಂ ಕುಸಿಯುತ್ತದೆ. ಬಹುಪಾಲು ಜನರಲ್ಲಿ ಇದು ತಾತ್ಕಾಲಿಕ. ಆದರೆ ತಡ ಮಾಡಿದರೆ ಫಿಟ್ಸ್, ಉಸಿರುಕಟ್ಟುವಿಕೆ, ಹೃದಯ ಬಡಿತದ ಏರುಪೇರು ಆಗಬಹುದು.

ನಮ್ಮ ಡಿಸ್ಚಾರ್ಜ್ ಚೀಟಿಯಲ್ಲಿ ಇದೆಲ್ಲ ಇಂಗ್ಲಿಷಿನ ಒಂದೇ ಸಾಲಿನಲ್ಲಿತ್ತು. ಥೈರಾಯ್ಡ್ ಮಾತ್ರೆಗೂ ಕ್ಯಾಲ್ಸಿಯಂ ಮಾತ್ರೆಗೂ 4 ಗಂಟೆ ಅಂತರ ಬೇಕೆಂಬುದೂ ನಮಗೆ ತಿಳಿದದ್ದು ಆಮೇಲೆ. ಜೋಮು, ಸ್ನಾಯುಸೆಳೆತ ಕಂಡರೆ ಕಾಯದೆ ಬನ್ನಿ ಎಂದು ದಪ್ಪಕ್ಷರದಲ್ಲಿ ಕನ್ನಡದಲ್ಲಿ ಮುದ್ರಿಸಿ, ರಾತ್ರಿಯೂ ಕರೆ ಮಾಡಬಹುದಾದ ಒಂದು ನಂಬರಿನ ಜೊತೆ ಪ್ರತಿ ರೋಗಿಯ ಕೈಗೆ ಕೊಡುವುದನ್ನು ಆರೋಗ್ಯ ಇಲಾಖೆ ಎಲ್ಲ ಆಸ್ಪತ್ರೆಗಳಿಗೂ ಕಡ್ಡಾಯ ಮಾಡಲಿ.

– ಓದುಗರೊಬ್ಬರು, ಹಾಸನ