ಸುರೇಶನಿಗೆ, ಸುತ್ತು ಮೆಟ್ಟಿಲಿನ ವಿಚಾರ

ಪ್ರೀತಿಯ ಸುರೇಶ,

ಫೋನಲ್ಲಿ ಹೇಳಿದರೆ ನೀನು "ಹೌದಾ, ಒಳ್ಳೇದಾಯ್ತು" ಅಂತ ಮುಗಿಸಿಬಿಡ್ತೀಯ. ಅದಕ್ಕೇ ಎಲ್ಲರೆದುರು ಬರೆಯುತ್ತಿದ್ದೇನೆ. ಇನ್ನು ಉತ್ತರ ಕೊಡದೆ ವಿಧಿಯಿಲ್ಲ.

ಸುತ್ತು ಮೆಟ್ಟಿಲಿನ ಕೆಲಸ ಒಪ್ಪಿಕೊಂಡಿದ್ದೇನೆ ಮಾರಾಯ. ಹೊನ್ನಾವರದ ಕಡೆ ಒಂದು ಮನೆ. ಪೂರ್ತಿ ಸಾಗುವಾನಿ. ಉಪ್ಪರಿಗೆಗೆ 10 ಅಡಿ 6 ಇಂಚು ಎತ್ತರ, ಅದನ್ನು ಅರ್ಧ ಸುತ್ತಿನಲ್ಲಿ ಏರಬೇಕು. 18 ಏರು, ಒಂದೊಂದು 7 ಇಂಚು. ಕಂಪ್ಯೂಟರಿನ ಪ್ಲಾನ್ ಇದೆ. ಆದರೂ ಶೆಡ್ಡಿನ ನೆಲ ಗುಡಿಸಿ, ಸೀಮೆಸುಣ್ಣದಲ್ಲಿ ಪೂರ್ತಿ ಅಳತೆಗೇ ಬರೆದೆವು. ಗೆರೆಯ ಮೇಲೆ ನಡೆದು ನೋಡಬಹುದಲ್ಲ, ಅದು ಕಾಗದದಲ್ಲಿ ಸಿಗಲ್ಲ. ಕಾಲು ಬೀಳುವ ನಡುಗೆರೆಯಲ್ಲಿ ಮೆಟ್ಟಿಲು ಹತ್ತೂವರೆ ಇಂಚು ಅಗಲ. ಹೊರ ಅಂಚಿನಲ್ಲಿ 14 ಇಂಚು ದಾಟುತ್ತೆ. ಒಳ ಅಂಚಿನಲ್ಲಿ 7 ಇಂಚೂ ಇಲ್ಲ, ಪಾದ ಪೂರ್ತಿ ಕೂರಲ್ಲ. ಆ ಮನೆಯಲ್ಲಿ ಮಂಡಿನೋವಿನ ಅಜ್ಜಿ ಇದ್ದಾರೆ. ಮನೆಯವರು ಚಂದಕ್ಕೆ, ಹಿಡಿದು ಹತ್ತುವ ಕೈಪಿಡಿ ಒಳಗಡೆ ಮಾತ್ರ ಸಾಕು ಅಂದರು. ಹೊರಗಡೆಯೂ ಬೇಕೇ ಬೇಕು ಅಂತ ಪಟ್ಟು ಹಿಡಿದು ಒಪ್ಪಿಸಿದೆ. ಅಜ್ಜಿ ಅಗಲ ಇರುವ ಕಡೆ ಹತ್ತಬೇಕು, ಆಗ ಕೈಗೆ ಏನಾದರೂ ಸಿಗಬೇಕು ತಾನೇ?

ಒಳಗಿನ ಸ್ಟ್ರಿಂಗರ್, ಅಂದರೆ ಮೆಟ್ಟಿಲುಗಳನ್ನು ಪಕ್ಕದಿಂದ ಹೊರುವ ಮರ, ಬಗ್ಗಿಸಿದ್ದು ಹೇಳಬೇಕು. ಹೊರಗಿನದಕ್ಕೆ ಹೋಲಿಸಿದರೆ ಅದರ ದಾರಿ ಅರ್ಧ, ಏರುವ ಎತ್ತರ ಮಾತ್ರ ಅಷ್ಟೇ. ಹಾಗಾಗಿ ಅದು ತಿರುಗುತ್ತಲೇ ಕಡಿದಾಗಿ ಏರಬೇಕು. 5 ಮಿಲಿಮೀಟರ್ ದಪ್ಪದ 8 ಪಟ್ಟಿ, ಅಚ್ಚಿಗೆ ಬಗ್ಗಿಸಿ ಒಂದರ ಮೇಲೊಂದು ಅಂಟಿಸಿದ್ದು. ಸಾಗುವಾನಿಯಲ್ಲಿ ಎಣ್ಣೆ ಇರುತ್ತಲ್ಲ, ಅಂಟಿಸುವ ಮೊದಲು ಎಲ್ಲಾ ಪಟ್ಟಿಯನ್ನೂ ಥಿನ್ನರ್ ಬಟ್ಟೆಯಲ್ಲಿ ಒರೆಸಿದೆವು. ಬಿಳಿ ಗಮ್ಮು ಬೇಡ ಅಂದೆ. ಬಾಗಿದ ಮರ ನೆಟ್ಟಗಾಗಲು ಎಳೆಯುತ್ತಲೇ ಇರುತ್ತೆ, ಬಿಳಿ ಗಮ್ಮು ಒಣಗಿದ ಮೇಲೂ ಆ ಎಳೆತಕ್ಕೆ ನಿಧಾನವಾಗಿ ಜರುಗುತ್ತೆ. ಎಪಾಕ್ಸಿ ಅಂಟು ಹಚ್ಚಿದೆವು, ಅದು ಗಟ್ಟಿಯಾಗುವ ಮೊದಲೇ ಬಿಗಿದು ಮುಗಿಸಬೇಕು. ಹಚ್ಚಿದ ಮೇಲೆ ಗಡಿಯಾರ ನೋಡುತ್ತಲೇ ಕೆಲಸ.

ಪಟ್ಟಿಗಳನ್ನು ಬಿಗಿಯುವ ಕ್ಲಾಂಪು ಹಾಕೋದು ನಡುವಿನಿಂದ, ನಿನಗೆ ಗೊತ್ತು. ಅಲ್ಲಿಂದ ಇಬ್ಬರು ಎರಡು ಕಡೆಗೆ ಹೋಗಬೇಕು, ಒಂದೇ ವೇಗದಲ್ಲಿ. ಸಂದಿಗಳಿಂದ ಅಂಟು ಸಣ್ಣ ಸಣ್ಣ ಮಣಿಯಾಗಿ ಸಾಲಾಗಿ ಹೊರಗೆ ಬಂದರೆ ಸರಿ. ಮಣಿ ಬರದ ಕಡೆ ಒಳಗೆ ಸಂದು ಉಳಿದಿದೆ ಅಂತಲೇ. ನಾನು ಮೇಲಿನ ತುದಿಗೆ ಹೊರಟೆ. ಕೆಳಗಿನ ತುದಿಗೆ ಹುಡುಗ. ಒಳ್ಳೆ ಹುಡುಗ, ಕೈ ಚುರುಕು. ಆದರೆ ಪ್ರತಿ ತಿರುಪಿಗೂ ನನ್ನ ಮುಖ ನೋಡುತ್ತಾನೆ. ನಾನು "ಬಿಗಿ", "ಸಾಕು", "ಬಿಗಿ" ಅಂತ ಕೂಗುತ್ತಲೇ ಇದ್ದೆ. ಶೆಡ್ಡಿನಲ್ಲಿ ಹೀಗೆ ಯಾವತ್ತಾದರೂ ಕೂಗಿದ್ದೆನಾ, ಹೇಳು. ನೀನಿದ್ದಾಗ ಮಾತೇ ಬೇಕಿರಲಿಲ್ಲ. ನಿನ್ನ ಕ್ಲಾಂಪಿನ ಸದ್ದು ಕೇಳಿ ನನ್ನದು ತಿರುಗಿಸುತ್ತಿದ್ದೆ.

ಸ್ಟ್ರಿಂಗರ್ ಚೆನ್ನಾಗಿ ಬಂತು. ಅಚ್ಚಿನಿಂದ ಬಿಚ್ಚಿದಾಗ ಎಣಿಸಿದ್ದಕ್ಕಿಂತ ಜಾಸ್ತಿ ಬಿಚ್ಚಿಕೊಳ್ಳಲಿಲ್ಲ. ಹುಡುಗರು ಕುಣಿದರು. ನಾನು ಹೊರಗೆ ಬಂದು ನಾಟಾ ರಾಶಿಯ ಮೇಲೆ ಸುಮ್ನೆ ಕೂತೆ.

ನೀನು ದುಬೈಗೆ ಹೋದ ಮೇಲೂ ಇಂಥ ಕೆಲಸಗಳು ಬಂದಿದ್ದವು ಸುರೇಶ. ಎಲ್ಲರಿಗೂ ಟೈಮಿಲ್ಲ ಅಂದೆ. ಟೈಮು ಇತ್ತು. ಪ್ಲೈವುಡ್ಡಿನ ಕಪಾಟು, ಅಡುಗೆಮನೆ ಮಾಡಿಕೊಂಡು ಸಂಬಳ ಕೊಟ್ಟೆ. ಅದಕ್ಕೆ ಇನ್ನೊಬ್ಬ ಬೇಕಾಗಲ್ಲ ನೋಡು. ಇದನ್ನು ಇಲ್ಲಿ ಬರೆಯಬೇಕು ಅಂದುಕೊಂಡಿರಲಿಲ್ಲ. ನೀನು ಹೋಗಿದ್ದು ಸರಿಯೇ. ಮನೆ ಸಾಲ ತೀರಿತು, ತಂಗಿ ಮದುವೆ ಆಯ್ತು, ನಾನೇ ಹೋಗು ಅಂದವನು. ಆದರೂ ಆವತ್ತು ಆ ರಾಶಿಯ ಮೇಲೆ ಕೂತಾಗ ತುಂಬಾ ಹೊತ್ತು ಏಳಲಾಗಲಿಲ್ಲ.

ನೀನು ಗೋಡೆಗೆ ಅಂಟಿಸಿ ಹೋದ ಚಿತ್ರ ಇನ್ನೂ ಅಲ್ಲೇ ಇದೆ, ಅಮೆರಿಕದ ಸಾಂತಾ ಫೆಯ ಲೊರೆಟ್ಟೊ ಚಾಪೆಲ್ ಅನ್ನೋ ಚರ್ಚಿನ ಸುತ್ತು ಮೆಟ್ಟಿಲಿನದು. 33 ಮೆಟ್ಟಿಲು, ಎರಡು ಪೂರ್ತಿ ಸುತ್ತು, ನಡುವೆ ಕಂಬವಿಲ್ಲ. ಮೊದಲು ಕೈಪಿಡಿಯೂ ಇರಲಿಲ್ಲ, 1887ರಲ್ಲಿ ಸೇರಿಸಿದ್ದು. ಎಲ್ಲಿಂದಲೋ ಒಬ್ಬ ಬಡಗಿ ಬಂದ, ಒಬ್ಬನೇ ಕಟ್ಟಿದ, ದುಡ್ಡೂ ಕೇಳದೆ ಹೋದ ಅಂತ ಕಥೆ. ಕಂಬವಿಲ್ಲದೆ ನಿಂತಿದ್ದನ್ನು ನಾನು ನಂಬುತ್ತೇನೆ. ಒಳಗಿನ ಸುತ್ತು ಅಷ್ಟು ಬಿಗಿಯಾಗಿದೆ, ಅದೇ ಕಂಬದ ಕೆಲಸ ಮಾಡುತ್ತೆ. ಒಬ್ಬನೇ ಕಟ್ಟಿದ ಅನ್ನೋದನ್ನು ಮಾತ್ರ ನಂಬಲಾರೆ. ಇನ್ನೊಂದು ತುದಿ ಹಿಡಿಯೋಕೆ ಯಾರೋ ಇದ್ದೇ ಇದ್ದ.

ಸರಿ, ಸಾಕು. ಅತ್ತಿಗೆ ಇದನ್ನು ಓದಿದರೆ ಇಬ್ಬರಿಗೂ ಫೋನು ಬರುತ್ತೆ.

ಹೊರಗಿನ ಸ್ಟ್ರಿಂಗರ್ ದೀಪಾವಳಿಯೊಳಗೆ ಮುಗಿಸುತ್ತೇನೆ. ಕೈಪಿಡಿಯನ್ನು ನಿನಗೆ ಉಳಿಸಿದ್ದೇನೆ. ಅದು ತಿರುಗುತ್ತಾ ಏರುವ ಜಾಗದಲ್ಲಿ ಉಳಿ ಹಿಡಿಯೋಕೆ ನಿನ್ನ ಕೈಯೇ ಬೇಕು. ರಜೆ ಯಾವಾಗ ಅಂತ ಬರೆ. ಬರುವಾಗ ಖರ್ಜೂರ ತಾ.

ನಿನ್ನ,
ರಾಘು