ಗೆಳತಿಯ ಗುಟ್ಟು ಹೇಳಿಬಿಟ್ಟ ಮಗಳಿಗೆ

ಗದಗ
ರವಿವಾರ

ನನ್ನವ್ವಾ,

ನಿನ್ನ ರೂಮಿನ ಹುಡುಗಿಯನ್ನು ಅವಳ ಅಕ್ಕ ಬಂದು ಊರಿಗೆ ಕರೆದುಕೊಂಡು ಹೋದಳು ಎಂದು ಮೆಸೇಜ್ ಹಾಕಿದೆಯಲ್ಲ, ಆಮೇಲೆ ನನಗೆ ನಿದ್ದೆ ಬಂತು. ಆದರೆ ಅದರ ಕೆಳಗೆ 'ನನ್ನ ಜೋಡಿ ಮಾತೇ ಬಿಟ್ಟಾಳ, ನಾ ಮೋಸ ಮಾಡಿದೆ ಅಂತಾಳ' ಎಂದೂ ಬರೆದಿದ್ದೆ. ಅದಕ್ಕೆ ಫೋನಿನಲ್ಲಿ ಉತ್ತರ ಹೇಳಲಾಗಲಿಲ್ಲ, ನಿನ್ನ ಸುತ್ತ ಹುಡುಗಿಯರಿದ್ದರು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನೀನು ಮೋಸ ಮಾಡಿಲ್ಲ. ಸಾಯುವ ಯೋಚನೆ ಬರುತ್ತಿದೆ ಎಂದು ಆ ಹುಡುಗಿ ನಿನಗೆ ಹೇಳಿ, 'ಯಾರ ಮುಂದೂ ಹೇಳಬ್ಯಾಡ' ಎಂದು ಆಣೆ ಹಾಕಿಸಿಕೊಂಡಳು, ನೀನು ಹಾಕಿದೆ. ಆಮೇಲೆ ತಡೆಯಲಾಗದೆ ನನಗೂ ವಾರ್ಡನ್‌ಗೂ ಹೇಳಿದೆ. ಯಾರ ಮೇಲೆ ಮನಸ್ಸಾಗಿದೆ, ಮನೆಯಲ್ಲಿ ಏನು ಜಗಳ, ಇಂಥ ಗುಟ್ಟುಗಳನ್ನು ಬೇಕಾದಷ್ಟು ಇಟ್ಟುಕೋ. ಜೀವಕ್ಕೆ ಸಂಬಂಧಿಸಿದ್ದನ್ನು ಒಬ್ಬಳೇ ಇಟ್ಟುಕೊಳ್ಳಬಾರದು. ನಿನ್ನ ವಯಸ್ಸಿನವಳು ಹೊರುವ ಭಾರ ಅಲ್ಲ ಅದು, ನನ್ನ ವಯಸ್ಸಿನವಳೂ ಒಬ್ಬಳೇ ಹೊರಲಾರಳು. ಈಗ ಸಿಟ್ಟಾಗಿದ್ದಾಳೆ, ಆಗಲಿ ಬಿಡು. ಸಿಟ್ಟು ಮಾಡಲು ಅವಳು ಇದ್ದಾಳಲ್ಲ.

ಹಾಸ್ಟೆಲಿನಲ್ಲಿ ಈಗ ಎರಡು ಪಾರ್ಟಿ ಆಗಿವೆ ಅಂದೆ. ಒಂದು ಪಾರ್ಟಿ 'ಬರೇ ನಾಟಕ, ನಿಜ ಸಾಯೋರು ಹೇಳ್ತಾರೇನು' ಅನ್ನುತ್ತದೆ. ಇನ್ನೊಂದು 'ಸಾಯಾಕೂ ಧೈರ್ಯ ಬೇಕು' ಅನ್ನುತ್ತದೆ. ನಮ್ಮ ಓಣಿಯ ಹಿರಿಯರನ್ನು ಕೇಳಿದರೆ ಮೂರನೆಯದು ಸಿಗುತ್ತದೆ: ಹೇಡಿಗಳ ಕೆಲಸ. ಇಷ್ಟು ವರ್ಷ ತಾಲ್ಲೂಕು ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿದವಳು ಹೇಳುತ್ತೇನೆ, ಮೂರೂ ತಪ್ಪು. ಹೇಳಿಕೊಂಡವರು ಮಾಡುವುದಿಲ್ಲ ಎನ್ನುವುದಂತೂ ಶುದ್ಧ ಸುಳ್ಳು. ಬಹಳ ಮಂದಿ ಹೇಗೋ ಒಂದು ಸುಳಿವು ಕೊಟ್ಟಿರುತ್ತಾರೆ, ಕೇಳಿದವರು ನಕ್ಕು ಬಿಟ್ಟಿರುತ್ತಾರೆ. ಇನ್ನು ಧೈರ್ಯ, ಹೇಡಿತನದ ಮಾತು. 104 ಡಿಗ್ರಿ ಜ್ವರ ಏರಿ ಬಡಬಡಿಸುವವನನ್ನು ನೀನು ಧೈರ್ಯವಂತನೋ ಹೇಡಿಯೋ ಎಂದು ಯಾರಾದರೂ ಕೇಳುತ್ತಾರಾ? ಜ್ವರ ಇಳಿಸುತ್ತಾರೆ. ಇದೂ ಹಾಗೇ. ಆ ಹೊತ್ತಿನಲ್ಲಿ ತಲೆಗೆ ಬೇರೆ ದಾರಿ ಕಾಣುವುದಿಲ್ಲ, ಅಷ್ಟೇ. ಬಹಳ ಮಂದಿಗೆ ಸಾಯುವ ಆಸೆ ಇರುವುದಿಲ್ಲ, ಆ ಸಂಕಟ ನಿಂತರೆ ಸಾಕಾಗಿರುತ್ತದೆ. ಆ ತೀರಾ ಕೆಟ್ಟ ಗಳಿಗೆ ಇಳಿಯುತ್ತದೆ. ಇಳಿಯುವ ತನಕ ಪಕ್ಕದಲ್ಲಿ ಯಾರಾದರೂ ಇರಬೇಕು.

'ಎರಡು ಸಬ್ಜೆಕ್ಟ್ ಬ್ಯಾಕ್ ಆಗಿದ್ದಕ್ಕ ಇಷ್ಟೆಲ್ಲಾ?' ಎಂದು ಕೇಳಿದೆ. ಪೇಪರಿನವರೂ ಹೀಗೇ ಬರೆಯುತ್ತಾರೆ, ಒಂದೇ ಸಾಲು, 'ಜೀವನದಲ್ಲಿ ಜಿಗುಪ್ಸೆಗೊಂಡು'. ಅದನ್ನು ಓದಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಒಂದೇ ಕಾರಣ ಎಂದೂ ಇರುವುದಿಲ್ಲ. ಅವಳ ಅಪ್ಪ ಫೀಸಿಗೆ ಹೊಲ ಒತ್ತೆ ಇಟ್ಟಿದ್ದಾನೆ. ಆ ಮನೆಯಲ್ಲಿ ಇಂಜಿನಿಯರಿಂಗ್ ಮೆಟ್ಟಿಲು ಹತ್ತಿದವಳು ಅವಳೇ ಮೊದಲು. ಕನ್ನಡ ಮೀಡಿಯಂನಿಂದ ಬಂದು ಇಂಗ್ಲಿಷ್ ಕ್ಲಾಸಿನಲ್ಲಿ ಕೂತು ಬಾಯಿ ಬಿಡದೆ ಸೆಮಿಸ್ಟರ್ ಕಳೆದಿದ್ದಾಳೆ. ಎಷ್ಟು ದಿನದಿಂದ ಸರಿಯಾಗಿ ನಿದ್ದೆ ಮಾಡಿಲ್ಲವೋ. ರಿಸಲ್ಟ್ ಕೊನೆಯ ಏಟು, ಅಷ್ಟೇ. 2022ರಲ್ಲಿ ದೇಶದಲ್ಲಿ ಹೀಗೆ ಹೋದ ವಿದ್ಯಾರ್ಥಿಗಳು 13,044 ಎಂದು ಕೇಂದ್ರದ ಅಪರಾಧ ದಾಖಲೆ ಬ್ಯೂರೋ ಲೆಕ್ಕ ಕೊಟ್ಟಿದೆ. ದಿನಕ್ಕೆ 35ಕ್ಕೂ ಜಾಸ್ತಿ. ಅಷ್ಟು ಮಕ್ಕಳೂ ದುರ್ಬಲರು, ನಾಟಕದವರು ಎಂದು ನಂಬಲು ನನಗಂತೂ ಆಗುವುದಿಲ್ಲ.

ಅವಳ ಅಪ್ಪ ಪೊಲೀಸ್ ಕೇಸ್ ಆಗುತ್ತದೇನೋ ಎಂದು ಹೆದರಿದ್ದ ಅಂದೆಯಲ್ಲ, ಆ ಹೆದರಿಕೆ ನಾನು ದಿನಾ ನೋಡುವಂಥದ್ದು. 'ಸಿಸ್ಟರ್, ಹೊಟ್ಟೆ ನೋವು ಅಂತ ಬರೀರಿ, ಮಗಳ ಮದುವಿ ಆಗೋದೈತಿ' ಎಂದು ಕೈ ಮುಗಿಯುತ್ತಾರೆ. ಸುಳ್ಳು ಬರೆದರೆ ಡಾಕ್ಟರಿಗೆ ನಿಜ ಗೊತ್ತಾಗುವುದಿಲ್ಲ, ಮನಸ್ಸಿನ ಚಿಕಿತ್ಸೆ ಶುರುವೇ ಆಗುವುದಿಲ್ಲ. ಕಾನೂನು ಈಗ ಬದಲಾಗಿದೆ. ಆತ್ಮಹತ್ಯೆಗೆ ಯತ್ನಿಸಿದವರಿಗೆ ಮೊದಲು ಹಳೆಯ ದಂಡ ಸಂಹಿತೆಯ (ಐಪಿಸಿ) 309ನೇ ಕಲಮಿನಲ್ಲಿ ಜೈಲು ಶಿಕ್ಷೆ ಇತ್ತು. 2017ರ ಮಾನಸಿಕ ಆರೋಗ್ಯ ಕಾಯ್ದೆ ಬಂದ ಮೇಲೆ, ಅಂಥವರು ತೀವ್ರ ಒತ್ತಡದಲ್ಲಿದ್ದರು ಎಂದೇ ತಿಳಿದು ಅವರಿಗೆ ಆರೈಕೆ ಕೊಡಬೇಕು, ಶಿಕ್ಷೆ ಅಲ್ಲ. 2024ರ ಜುಲೈ 1ರಿಂದ ಬಂದ ಹೊಸ ಸಂಹಿತೆಯಲ್ಲಿ ಆ 309ನೇ ಕಲಮೇ ಇಲ್ಲ. ಆಸ್ಪತ್ರೆಯಿಂದ ಠಾಣೆಗೆ ಮಾಹಿತಿ ಹೋಗಬಹುದು, ಅದು ಬೇರೆ. ಅವಳ ಅಕ್ಕನಿಗೆ ಇದನ್ನು ತಿಳಿಸು.

ನೀನು ಇನ್ನೂ ಒಂದು ಕೇಳಿದ್ದೆ. ಅವಳು ತನ್ನ ಕ್ಯಾಲ್ಕುಲೇಟರ್, ಇಷ್ಟದ ಝುಮಕಿ 'ನೀನ ಇಟ್ಕೋ' ಎಂದು ಕೊಟ್ಟಾಗಲೇ ನಿನಗೆ ಅನುಮಾನ ಬಂದಿತ್ತು, ಆದರೆ ನೇರವಾಗಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾಗುತ್ತದೆ ಎಂದು ಹೆದರಿದೆ. ಹಾಗೆ ಆಗುವುದಿಲ್ಲ. ಕೇಳಿದ್ದರಿಂದ ಯಾರಿಗೂ ಹೊಸದಾಗಿ ಆ ಯೋಚನೆ ಹುಟ್ಟುವುದಿಲ್ಲ, ಬಹಳ ಮಂದಿ ಮನಸ್ಸು ಹಗುರಾಗಿ ಹೇಳಿಕೊಳ್ಳುತ್ತಾರೆ. 'ಸಾಯಬೇಕು ಅಂತ ಅನಸ್ತೈತೇನು?' ಎಂದೇ ಕೇಳಬೇಕು, ಸುತ್ತಿ ಬಳಸಿ ಅಲ್ಲ. ಹೌದು ಅಂದರೆ ಒಬ್ಬಳನ್ನೇ ಬಿಡಬೇಡ. ಬುದ್ಧಿ ಹೇಳಬೇಡ, 'ನಿನ್ನ ಅಪ್ಪ ಅವ್ವನ ನೆನಸ್ಕೋ' ಅನ್ನಬೇಡ. ಅವಳು ಅವರನ್ನೇ ನೆನೆದು ಕುಗ್ಗಿರುತ್ತಾಳೆ. ಸುಮ್ನೆ ಕೇಳಿಸಿಕೋ, ದೊಡ್ಡವರೊಬ್ಬರನ್ನು ಕರೆ.

14416 ನಂಬರ್ ಫೋನಿನಲ್ಲಿ ಉಳಿಸಿಕೋ. ಟೆಲಿ ಮಾನಸ್, ಮನಸ್ಸಿನ ಸಂಕಟಕ್ಕೆ ಸರ್ಕಾರದ ಸಹಾಯವಾಣಿ, 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ತುರ್ತು ಇದ್ದರೆ 112 ಅಥವಾ 108. ಹುಬ್ಬಳ್ಳಿಯಲ್ಲಿ ಎಲ್ಲರೂ ಕಿಮ್ಸ್ ಅನ್ನುವ ಸರ್ಕಾರಿ ಆಸ್ಪತ್ರೆಯಲ್ಲೇ ಮನೋವೈದ್ಯರಿದ್ದಾರೆ. ಇಲ್ಲದಿದ್ದರೆ ಚಿಗರಿ ಬಸ್ ಹತ್ತಿದರೆ ಧಾರವಾಡ, ಅಲ್ಲಿ ಡಿಮ್ಹಾನ್ಸ್, ಮನಸ್ಸಿನ ಕಾಯಿಲೆಗಳ ಸರ್ಕಾರಿ ಆಸ್ಪತ್ರೆ. ನಮ್ಮ ಕಡೆಯವರು ಅದರ ಹೆಸರು ಹೇಳಿ ನಗುತ್ತಾರೆ, ಗೊತ್ತು. ನಗುವವರ ಮನೆಯವರೂ ಹೊರರೋಗಿ ಸಾಲಿನಲ್ಲಿ ಕೂತಿರುತ್ತಾರೆ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್, 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಕಡೆ ಒಬ್ಬ ಕೌನ್ಸೆಲರ್ ಆದರೂ ಇರಬೇಕು ಎಂದು ಹೇಳಿದೆ. ನಿಮ್ಮಲ್ಲಿ ಯಾರು, ಯಾವ ರೂಮು ಎಂದು ನಾಳೆಯೇ ಆಫೀಸಿನಲ್ಲಿ ವಿಚಾರಿಸು.

ಅವಳು ವಾಪಸ್ ಬಂದಾಗ ಕ್ಷಮೆ ಕೇಳಬೇಡ, ಏನಾಯಿತು ಎಂದು ಕೆದಕಲೂ ಬೇಡ. ಝುಮಕಿ, ಕ್ಯಾಲ್ಕುಲೇಟರ್ ವಾಪಸ್ ಕೊಡು. ಮೆಸ್ಸಿಗೆ ಹೋಗುವಾಗ ಮೊದಲಿನಂತೆ ಕರೆ. ಬರದಿದ್ದರೆ ಮರುದಿನ ಮತ್ತೆ ಕರೆ.

ಇನ್ನು ನಿನ್ನ ಮಾತು. ಈ ಗದ್ದಲದಲ್ಲಿ ನಿನ್ನನ್ನು ಯಾರೂ ಕೇಳಿರಲಿಕ್ಕಿಲ್ಲ. ನಾನು ಕೇಳುತ್ತೇನೆ, ಸುತ್ತಿ ಬಳಸದೆ. ನಿನಗೆ ಎಂದಾದರೂ ಹಾಗೆ ಅನಿಸಿದೆಯಾ? ಈಗ ಅನಿಸುತ್ತಿದೆಯಾ? ಹೌದಾದರೆ ಹೌದು ಅನ್ನು. ನಾನು ಬಯ್ಯುವುದಿಲ್ಲ, ಅಳುವುದೂ ಇಲ್ಲ, ಇದೇ ಕೆಲಸ ಮಾಡಿಕೊಂಡು ಬಂದವಳು. ಈ ವಾರ ನನಗೆ ನೈಟ್ ಡ್ಯೂಟಿ. ಫೋನ್ ಏಪ್ರನ್ ಜೇಬಿನಲ್ಲೇ ಇರುತ್ತದೆ, ಎಷ್ಟು ಹೊತ್ತಾದರೂ ಮಾಡು.

ನಿನ್ನ ಅವ್ವ