ತುಮಕೂರಿನ ಬ್ಯಾಂಡ್‌ಗಳಿಗೂ ವೇದಿಕೆ ಬೇಕು

ಸ್ವಂತ ಹಾಡು ಕಟ್ಟಿ ನುಡಿಸುವ ಯುವ ರಾಕ್ ಬ್ಯಾಂಡ್‌ಗಳಿಗೆ ತುಮಕೂರಿನಲ್ಲಿ ಕೈಗೆಟಕುವ ವೇದಿಕೆಯೇ ಇಲ್ಲದಿರುವುದು ಬೇಸರದ ಸಂಗತಿ. ಸ್ವತಂತ್ರ ಬ್ಯಾಂಡ್‌ಗಳ ಜನಪ್ರಿಯತೆ ಹೆಚ್ಚುತ್ತಿರುವ ಕುರಿತು ಪತ್ರಿಕೆಯಲ್ಲಿ ಬಂದ ವರದಿ ಓದಿ ಈ ಪತ್ರ ಬರೆಯುತ್ತಿದ್ದೇನೆ. 1996ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಥರ್ಮಲ್ ಅಂಡ್ ಎ ಕ್ವಾರ್ಟರ್ ಎಂಬ ರಾಕ್ ಬ್ಯಾಂಡ್ ಆಗಲಿ, ಶಿಶುನಾಳ ಷರೀಫರ ತತ್ವಪದಗಳನ್ನು ಗಿಟಾರ್, ಡ್ರಮ್ಸ್ ಜೊತೆ ಹಾಡಿ 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಸಂಗೀತೋತ್ಸವದವರೆಗೆ ಹೋದ ರಘು ದೀಕ್ಷಿತ್ ಪ್ರಾಜೆಕ್ಟ್ ಆಗಲಿ ಒಂದೇ ದಿನದಲ್ಲಿ ಹೆಸರಾದವಲ್ಲ. ವರ್ಷಗಟ್ಟಲೆ ಜನರೆದುರು ನುಡಿಸುತ್ತಲೇ ಬೆಳೆದವು.

ನಮ್ಮ ಬೀದಿಯ ನಾಲ್ವರು ಹುಡುಗರು ಶೆಡ್ಡಿನ ಗೋಡೆಗೆ ಮೊಟ್ಟೆಯ ಟ್ರೇಗಳನ್ನು ಹೊಡೆದು, ಡ್ರಮ್ಸ್ ಮೇಲೆ ಹಳೆಯ ಕಂಬಳಿ ಹೊದಿಸಿ, ಅಕ್ಕಪಕ್ಕದವರ ನಿದ್ದೆ ಕೆಡದಂತೆ ಅಭ್ಯಾಸ ಮಾಡುತ್ತಾರೆ. ಆದರೆ ಒಮ್ಮೆ ಜನರ ಮುಂದೆ ನುಡಿಸಬೇಕೆಂದರೆ ಸುಮಾರು 70 ಕಿ.ಮೀ. ದೂರದ ಬೆಂಗಳೂರಿಗೆ ಗಿಟಾರು, ಆಂಪ್ಲಿಫೈಯರ್ ಹೊತ್ತು ಹೋಗಿ, ಕಾರ್ಯಕ್ರಮ ಮುಗಿಯುವ ಮುನ್ನವೇ ಕೊನೆಯ ಬಸ್ಸಿನ ಚಿಂತೆ ಮಾಡಬೇಕು. ಇಲ್ಲಿನ ಖಾಸಗಿ ಸಭಾಂಗಣಗಳ ಬಾಡಿಗೆ ವಿದ್ಯಾರ್ಥಿಗಳ ಕೈಗೆ ನಿಲುಕುವಂಥದ್ದಲ್ಲ. ಗುಬ್ಬಿ ಕಂಪನಿಯ ರಂಗಗೀತೆಗಳನ್ನು ನಾಡಿಗೆಲ್ಲ ಕೇಳಿಸಿದ ಜಿಲ್ಲೆ ನಮ್ಮದು. ಹೊಸ ಸಂಗೀತಕ್ಕೆ ಇಲ್ಲಿ ಕೇಳುಗರ ಕೊರತೆಯಾಗದು.

ಜಿಲ್ಲಾಡಳಿತವೂ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯೂ ತಿಂಗಳಿಗೊಂದು ಭಾನುವಾರ ಸಂಜೆ ಗುಬ್ಬಿ ವೀರಣ್ಣ ಕಲಾಕ್ಷೇತ್ರವನ್ನೋ ಗಾಜಿನ ಮನೆಯನ್ನೋ ಧ್ವನಿವರ್ಧಕ ಸಹಿತ, ಅಲ್ಪ ಬಾಡಿಗೆಗೆ ಈ ತಂಡಗಳಿಗೆ ಬಿಟ್ಟುಕೊಡಬೇಕು. ಸ್ವಂತ ಕನ್ನಡ ಹಾಡುಗಳನ್ನು ಹಾಡುವವರಿಗೆ ಮೊದಲ ಅವಕಾಶ ನೀಡಬೇಕು.

– ಒಬ್ಬ ಓದುಗ, ತುಮಕೂರು